ಸೂರಿನ ಮೇಲೆ ಊರಿನ ಹೆಸರು

ಪರಊರಿಗೆ ಬಸ್ಸಿನಲ್ಲಿ ಹೋಗುವಾಗ ಇದು ಯಾವ ಊರೋ ಎಂಬ ಅನುಮಾನ ಬಂದರೆ ನಾವು ಮಾಡುವುದು ಒಂದೇ ಕೆಲಸ. ಕಿಟಕಿಯಾಚೆ ಕಣ್ಣು ಹಾಯಿಸಿ ಅಂಗಡಿ ಬೋರ್ಡು ಹುಡುಕುತ್ತೇವೆ. ಕಿರಾಣಿ ಅಂಗಡಿಯಾಗಲಿ, ಸೈಕಲ್ ಶಾಪಾಗಲಿ, ಸಹಕಾರ ಸಂಘವಾಗಲಿ, ಬೋರ್ಡಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಊರಿನ ಹೆಸರು ಇದ್ದೇ ಇರುತ್ತದೆ. ಅದೂ ಕಾಣದಿದ್ದರೆ ಪಕ್ಕದ ಸೀಟಿನವರನ್ನು ಕೇಳಿದರಾಯಿತು. ನೆಲದ ಮೇಲೆ ದಾರಿ ತಪ್ಪುವುದು ಅಂಥ ದೊಡ್ಡ ಸಂಗತಿಯೇನಲ್ಲ. ಆದರೆ ಎರಡು ಮೂರು ಸಾವಿರ ಅಡಿ ಮೇಲೆ, ತೆರೆದ ಪುಟ್ಟ ವಿಮಾನದಲ್ಲಿ ಒಬ್ಬರೇ ಕುಳಿತಿರುವಾಗ, ಮೋಡ ಕವಿಯುತ್ತಿರುವಾಗ, ಟ್ಯಾಂಕಿನಲ್ಲಿ ಅರ್ಧ ಗಂಟೆಯ ಪೆಟ್ರೋಲು ಮಾತ್ರ ಉಳಿದಿರುವಾಗ ಕೆಳಗೆ ಕಾಣುವ ಊರು ಯಾವುದೆಂದು ತಿಳಿಯದಿದ್ದರೆ? ಆಗ ಯಾರನ್ನು ಕೇಳುವುದು?

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಕೆಲವು ಹೆಂಗಸರು. ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಹಳ್ಳಿ ಪಟ್ಟಣಗಳ ಸೂರುಗಳ ಮೇಲೆ ಅವರು ಆಕಾಶಕ್ಕೆ ಕಾಣುವಂತೆ ಊರಿನ ಹೆಸರು ಬರೆಸಿದರು. ಅವರೆಲ್ಲ ವಿಮಾನ ನಡೆಸುವವರೇ. ಅವರ ಪರಂಪರೆಯ ಮಹಿಳಾ ಪೈಲಟ್‌ಗಳು ಇಂದಿಗೂ ಸಣ್ಣಪುಟ್ಟ ವಿಮಾನ ನಿಲ್ದಾಣಗಳಿಗೆ ಹೋಗಿ, ಮಂಡಿಯೂರಿ ಕೂತು, ಬಣ್ಣ ಬಳಿಯುತ್ತಾರೆ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ವಿಮಾನದ ಚರಿತ್ರೆ ಎಂದರೆ ಮೂರು ಇಸವಿಗಳು. 1903ರಲ್ಲಿ ರೈಟ್ ಸೋದರರು ಹಾರಿದರು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ. 1937ರಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಪೆಸಿಫಿಕ್ ಸಾಗರದ ಮೇಲೆ ಕಾಣೆಯಾದಳು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಚರಿತ್ರೆಯೆಂದರೆ ಮೊದಲು ಹಾರಿದವರ, ದೂರ ಹಾರಿದವರ ಕತೆ ಮಾತ್ರವೇ? ಹಬ್ಬದ ದಿನ ಎಲೆಯ ಮುಂದೆ ಕೂತವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ನಸುಕಿನಲ್ಲೆದ್ದು ಒಲೆ ಹಚ್ಚಿದವರ ಹೆಸರು ಯಾರೂ ಬರೆದಿಡುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಎರಡನೆಯ ಬಗೆಯವರ ಚರಿತ್ರೆ.

ಆ ಕಾಲದ ಹಾರಾಟ ಹೇಗಿತ್ತೆಂದು ಮೊದಲು ತಿಳಿಯಬೇಕು. ರೇಡಿಯೋ ಎಲ್ಲ ವಿಮಾನಗಳಲ್ಲಿ ಇರಲಿಲ್ಲ. ದಿಕ್ಕು ತೋರಿಸುವ ಮುಳ್ಳೊಂದು ಇತ್ತು. ತೊಡೆಯ ಮೇಲೆ ಒಂದು ನಕಾಶೆ. ಅದೂ ಎಷ್ಟೋ ಸಲ ಮೋಟಾರು ಕಾರಿನವರಿಗಾಗಿ ಅಚ್ಚು ಹಾಕಿಸಿದ ರಸ್ತೆ ನಕಾಶೆ. ರೈಲು ಹಳಿ ಕಂಡರೆ ಅದನ್ನೇ ಹಿಡಿದು ಹೋಗುವುದು, ನದಿ ಕಂಡರೆ ಅದರ ತಿರುವುಗಳನ್ನು ನಕಾಶೆಯಲ್ಲಿ ಹುಡುಕುವುದು. ದಾರಿ ತಪ್ಪಿತೆನಿಸಿದಾಗ ತೀರ ಕೆಳಗಿಳಿದು, ರೈಲ್ವೆ ಸ್ಟೇಷನ್ನಿನ ಬೋರ್ಡನ್ನು ಓದಿಕೊಂಡು ಮತ್ತೆ ಮೇಲೇರುವುದೂ ಇತ್ತು. ಟಪಾಲು ವಿಮಾನಗಳು ಓಡಾಡುವ ದೊಡ್ಡ ಮಾರ್ಗದಲ್ಲಿ ಅಮೆರಿಕ ಸರ್ಕಾರ 1920ರ ದಶಕದಲ್ಲಿ ದೀಪದ ಗೋಪುರಗಳನ್ನು ನಿಲ್ಲಿಸಿ, ನೆಲದ ಮೇಲೆ ಕಾಂಕ್ರೀಟಿನ ದೊಡ್ಡ ಬಾಣಗಳನ್ನು ಹಾಕಿಸಿತ್ತು. ಆ ಮಾರ್ಗ ಬಿಟ್ಟು ಪಕ್ಕಕ್ಕೆ ಸರಿದರೆ, ಮೈಲಿಗಟ್ಟಲೆ ಒಂದೇ ತೆರನಾಗಿ ಹರಡಿದ ಗೋಧಿ ಹೊಲಗಳ ನಡುವೆ ಒಂದೇ ತೆರನಾದ ಊರುಗಳು. ಯಾವುದಕ್ಕೂ ಹೆಸರಿಲ್ಲ.

ನಮ್ಮಲ್ಲಿ ಸ್ಥಿತಿ ಬೇರೆಯಾಗಿತ್ತೆಂದು ತಿಳಿಯಬೇಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಟಪಾಲು ಹೊತ್ತು, ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಬಂದಿಳಿದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಟಪಾಲನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲಿನ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಜುಹುವಿನ ನೆಲವೋ ಬರೀ ಮಣ್ಣು. ಮಳೆಗಾಲದಲ್ಲಿ ಅದು ಕೆಸರಿನ ಕೊಳವಾಗುತ್ತಿದ್ದರಿಂದ ಟಾಟಾದವರು ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗಬೇಕಾಗುತ್ತಿತ್ತು. ಬಳ್ಳಾರಿಯ ಬೋಳು ಗುಡ್ಡಗಳನ್ನು ಮೇಲಿನಿಂದ ಗುರುತು ಹಿಡಿದು ಇಳಿದ ಆ ಪೈಲಟ್‌ಗೆ ಗುಡ್ಡದ ಆಕಾರವೇ ಬೋರ್ಡು ಆಗಿದ್ದಿರಬೇಕು.

ಈಗ ಅಮೆರಿಕಕ್ಕೆ ಬರೋಣ. 1929ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಹೆಂಗಸರಿಗಾಗಿಯೇ ಒಂದು ವಿಮಾನ ಸ್ಪರ್ಧೆ ನಡೆಯಿತು. ಪಶ್ಚಿಮ ಕರಾವಳಿಯ ಸಾಂಟಾ ಮೋನಿಕಾದಿಂದ ಓಹಾಯೋ ರಾಜ್ಯದ ಕ್ಲೀವ್‌ಲೆಂಡ್‌ವರೆಗೆ, ನಡುನಡುವೆ ಊರುಗಳಲ್ಲಿ ತಂಗುತ್ತ ಹಾರುವ ಸ್ಪರ್ಧೆ. ಇಪ್ಪತ್ತು ಮಂದಿ ಹೆಸರು ಕೊಟ್ಟಿದ್ದರು. ವಿನೋದಕ್ಕೆ ಹೆಸರಾದ ವಿಲ್ ರೋಜರ್ಸ್ ಇದನ್ನು ಮುಖಕ್ಕೆ ಪೌಡರ್ ಹಚ್ಚುವ ಪಫ್ಫಿನ ಹೆಸರಿನಿಂದ ಕರೆದು ನಗಿಸಿದ. ಆದರೆ ಸ್ಪರ್ಧೆ ನಗುವಿನದಾಗಿರಲಿಲ್ಲ. ಮಾರ್ವೆಲ್ ಕ್ರಾಸನ್ ಎಂಬಾಕೆ ಅರಿಜೋನಾದ ಮರುಭೂಮಿಯಲ್ಲಿ ವಿಮಾನ ಬಿದ್ದು ತೀರಿಕೊಂಡಳು. ಹೆಂಗಸರ ಹಾರಾಟ ನಿಲ್ಲಿಸಿ ಎಂಬ ಕೂಗು ಎದ್ದಿತು. ಗಂಡಸರ ಸ್ಪರ್ಧೆಗಳಲ್ಲಿ ಸಾವು ಸಂಭವಿಸಿದಾಗ ಗಂಡಸರ ಹಾರಾಟ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಉಳಿದ ಹೆಂಗಸರು ನಿಲ್ಲಲಿಲ್ಲ. ಸತ್ತ ಗೆಳತಿಗೆ ತಾವು ಸಲ್ಲಿಸುವ ಗೌರವವೆಂದರೆ ಸ್ಪರ್ಧೆಯನ್ನು ಮುಗಿಸುವುದೇ ಎಂದು ಮುಂದಕ್ಕೆ ಹಾರಿದರು. ದೊಡ್ಡ ಎಂಜಿನ್ನಿನ ವಿಮಾನಗಳ ವಿಭಾಗದಲ್ಲಿ ಲೂಯಿಸ್ ಥೇಡನ್, ಹಗುರ ವಿಮಾನಗಳ ವಿಭಾಗದಲ್ಲಿ ಫೀಬಿ ಓಮ್ಲಿ ಗೆದ್ದರು. ಈ ಎರಡು ಹೆಸರು ನೆನಪಿಡಿ.

ಅದೇ ವರ್ಷ ನವೆಂಬರ್ 2ರಂದು ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲೆಂಡಿನ ಒಂದು ವಿಮಾನ ಕೊಟ್ಟಿಗೆಯಲ್ಲಿ ಇಪ್ಪತ್ತಾರು ಮಂದಿ ಮಹಿಳಾ ಪೈಲಟ್‌ಗಳು ಸೇರಿದರು. ಒಂದು ಕಡೆ ಎಂಜಿನ್ ಗಡಗಡ ಸದ್ದು ಮಾಡುತ್ತಿತ್ತು. ಮೆಕ್ಯಾನಿಕ್‌ಗಳ ಉಪಕರಣ ಇಡುವ ತಳ್ಳುಗಾಡಿಯ ಮೇಲೆ ಟೀ ಬಂತು. ಆಗ ಅಮೆರಿಕದಲ್ಲಿ ಲೈಸೆನ್ಸ್ ಪಡೆದಿದ್ದ ಹೆಂಗಸರು 117 ಮಂದಿ. ಎಲ್ಲರಿಗೂ ಕಾಗದ ಹೋಗಿತ್ತು. ಕೊನೆಗೆ ಸ್ಥಾಪಕ ಸದಸ್ಯರಾಗಿ ಸೇರಿದವರು 99. ಸಂಘಕ್ಕೆ ಏನು ಹೆಸರಿಡುವುದೆಂಬ ಚರ್ಚೆ ನಡೆದು, ಕಡೆಗೆ ಎಷ್ಟು ಮಂದಿಯೋ ಅದೇ ಹೆಸರಾಯಿತು: ನೈಂಟಿ ನೈನ್ಸ್. 1931ರಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಅದರ ಮೊದಲ ಅಧ್ಯಕ್ಷೆಯಾದಳು. ಮಹಿಳಾ ಸಮಾಜದ ಸಭೆಗಳಿಗೆ ಹೋಗಿ ಗೊತ್ತಿರುವ ನಮಗೆ ಈ ದೃಶ್ಯ ಪರಿಚಿತವೇ. ಟೀ, ಹರಟೆ, ಹೆಸರಿನ ಚರ್ಚೆ. ಸಭೆ ಮುಗಿದ ಮೇಲೆ ಏನು ಕೆಲಸ ನಡೆಯಿತು ಎನ್ನುವುದರಲ್ಲಿ ಸಂಘದ ಬೆಲೆ ಇರುತ್ತದೆ.

ಫೀಬಿ ಓಮ್ಲಿ ಮೆಂಫಿಸ್ ನಗರದವಳು. ವಿಮಾನದ ರೆಕ್ಕೆಯ ಮೇಲೆ ನಡೆದು ಸಾಹಸ ತೋರಿಸುವುದರಿಂದ ಆರಂಭಿಸಿ, 1927ರಲ್ಲಿ ಸಾರಿಗೆ ವಿಮಾನ ನಡೆಸುವ ಲೈಸೆನ್ಸ್ ಪಡೆದ ಮೊದಲ ಅಮೆರಿಕನ್ ಮಹಿಳೆಯಾದಳು. ಗಂಡ ವರ್ನನ್ ಕೂಡ ಪೈಲಟ್. 1932ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಪರವಾಗಿ ವಿಮಾನದಲ್ಲಿ ಊರೂರು ಸುತ್ತಿ ಪ್ರಚಾರ ಮಾಡಿದಳು. ಗೆದ್ದ ಮೇಲೆ ಸರ್ಕಾರ ಅವಳಿಗೆ ವಿಮಾನಯಾನಕ್ಕೆ ಸಂಬಂಧಿಸಿದ ಹುದ್ದೆಯೊಂದನ್ನು ಕೊಟ್ಟಿತು. ಇಂಥ ಹುದ್ದೆಗಳು ಸಾಮಾನ್ಯವಾಗಿ ಹಾರ ತುರಾಯಿಗೆಂದೇ ಇರುತ್ತವೆ. ಫೀಬಿ ಮಾತ್ರ ಕುರ್ಚಿಯಲ್ಲಿ ಕೂತು, ತಾನು ಮೇಲಿದ್ದಾಗ ಪಟ್ಟ ಕಷ್ಟವೇನು ಎಂದು ಯೋಚಿಸಿದಳು. ಕೆಳಗಿನ ಊರು ಯಾವುದೆಂದು ತಿಳಿಯದೆ ಇರುವುದೇ ದೊಡ್ಡ ಕಷ್ಟ. ಹಾಗಾದರೆ ಊರುಗಳೇ ತಮ್ಮ ಹೆಸರು ಹೇಳುವಂತೆ ಮಾಡಬೇಕು.

ಯೋಜನೆ ಸರಳವಾಗಿತ್ತು. ಪ್ರತಿ ರಾಜ್ಯವನ್ನೂ ಚೌಕಗಳಾಗಿ ವಿಂಗಡಿಸುವುದು. ಸಾಧ್ಯವಾದಷ್ಟು ಮಟ್ಟಿಗೆ ಹದಿನೈದು ಮೈಲಿಗೆ ಒಂದರಂತೆ, ಎದ್ದು ಕಾಣುವ ಕಟ್ಟಡವೊಂದರ ಸೂರಿನ ಮೇಲೆ ಹತ್ತಿರದ ಊರಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸುವುದು. ಉತ್ತರ ದಿಕ್ಕು ಯಾವುದು, ಹತ್ತಿರದ ವಿಮಾನ ನಿಲ್ದಾಣ ಯಾವ ಕಡೆ ಎಂಬುದಕ್ಕೆ ಗುರುತು ಹಾಕಿಸುವುದು. ಊರುಗಳೇ ಇಲ್ಲದ ಬಯಲಿನಲ್ಲಿ ಕಲ್ಲು ಇಟ್ಟಿಗೆಗಳಿಗೆ ಬಣ್ಣ ಬಳಿದು ನೆಲದ ಮೇಲೆಯೇ ಹೆಸರು ಜೋಡಿಸುವುದು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿದ್ದರು. ಅವರಿಗೆ ಕೂಲಿ ಒದಗಿಸುವ ಸರ್ಕಾರಿ ಯೋಜನೆಯ ಹಣ ಇದಕ್ಕೆ ಸಿಕ್ಕಿತು. ಬಣ್ಣ ಬಳಿಯುವವನಿಗೆ ಅನ್ನ, ಹಾರುವವನಿಗೆ ದಾರಿ. 1936ರ ಮಧ್ಯದ ಹೊತ್ತಿಗೆ ಮೂವತ್ತು ರಾಜ್ಯಗಳಲ್ಲಿ ಸುಮಾರು 16,000 ಗುರುತುಗಳಿಗೆ ಮಂಜೂರಾತಿ ದೊರೆತಿತ್ತು. ಖರ್ಚು ಸುಮಾರು ಹತ್ತು ಲಕ್ಷ ಡಾಲರು.

ಈ ಕೆಲಸ ನೋಡಿಕೊಳ್ಳಲು ಫೀಬಿ ಆರಿಸಿಕೊಂಡದ್ದು ಹೆಂಗಸರನ್ನೇ: ಲೂಯಿಸ್ ಥೇಡನ್, ಹೆಲೆನ್ ರಿಚಿ, ಬ್ಲಾಂಚ್ ನಾಯ್ಸ್, ನ್ಯಾನ್ಸಿ ಹಾರ್ಕ್‌ನೆಸ್ ಮತ್ತು ಹೆಲೆನ್ ಮೆಕ್‌ಕ್ಲಾಸ್ಕಿ. ಒಬ್ಬೊಬ್ಬರಿಗೂ ಒಂದೊಂದು ಸೀಮೆ. ವಿಮಾನ ನಡೆಸುವುದು ಇದರಲ್ಲಿ ಸುಲಭದ ಭಾಗ. ಕಷ್ಟದ್ದು ಕೆಳಗಿಳಿದ ಮೇಲೆ. ಊರಿನ ಮೇಯರ್‌ನನ್ನು ಕಾಣಬೇಕು, ಕಾರ್ಖಾನೆಯ ಮಾಲೀಕನನ್ನು ಕಾಣಬೇಕು, ಉಗ್ರಾಣದವನನ್ನು ಒಪ್ಪಿಸಬೇಕು. ‘ನಿಮ್ಮ ಸೂರು ಕೊಡಿ, ನಿಮ್ಮ ಊರಿನ ಹೆಸರು ಬರೆಯುತ್ತೇವೆ’ ಎಂದರೆ ತಟ್ಟನೆ ಹೂಂ ಎನ್ನುವವರೆಷ್ಟು ಮಂದಿ? ಜನಗಣತಿಗೆ, ಚುನಾವಣೆಯ ಪಟ್ಟಿಗೆ ಮನೆಮನೆ ಸುತ್ತಿದ ನಮ್ಮ ಶಿಕ್ಷಕಿಯರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತು ವಿವರಿಸಿ, ನಗುತ್ತ ಮಾತಾಡಿ, ನಾಳೆ ಬನ್ನಿ ಎಂದಾಗ ನಾಳೆಯೂ ಹೋಗಿ ಮುಗಿಸುವ ಕೆಲಸ ಅದು.

ಇವರೆಲ್ಲ ಈ ಕೆಲಸಕ್ಕೆ ಏಕೆ ಬಂದರು ಎಂದು ಕೇಳಿಕೊಂಡರೆ ಕತೆಯ ಇನ್ನೊಂದು ಮಗ್ಗುಲು ಕಾಣುತ್ತದೆ. ಹೆಲೆನ್ ರಿಚಿಯನ್ನೇ ತೆಗೆದುಕೊಳ್ಳಿ. 1934ರ ಡಿಸೆಂಬರ್ 31ರಂದು ಅವಳು ಸೆಂಟ್ರಲ್ ಏರ್‌ಲೈನ್ಸ್ ಎಂಬ ಕಂಪನಿಯ ಪ್ರಯಾಣಿಕರ ವಿಮಾನವನ್ನು ವಾಷಿಂಗ್ಟನ್ನಿನಿಂದ ಡೆಟ್ರಾಯಿಟ್‌ಗೆ ನಡೆಸಿದಳು. ಅಮೆರಿಕದ ಪ್ರಯಾಣಿಕರ ವಿಮಾನ ಕಂಪನಿಯೊಂದರಲ್ಲಿ ಪೈಲಟ್ ಕೆಲಸ ಹಿಡಿದ ಮೊದಲ ಹೆಂಗಸು ಅವಳು. ಪತ್ರಿಕೆಗಳಲ್ಲಿ ಫೋಟೋ ಬಂತು. ಆಮೇಲೆ? ಪೈಲಟ್‌ಗಳ ಸಂಘ ಅವಳಿಗೆ ಸದಸ್ಯತ್ವ ಕೊಡಲಿಲ್ಲ. ಹವೆ ಚೆನ್ನಾಗಿದ್ದ ದಿನ ಮಾತ್ರ ಅವಳು ಹಾರಲಿ ಎಂದು ಮೇಲಿನವರು ಸೂಚಿಸಿದರು. ಕಂಪನಿ ಅವಳನ್ನು ಭಾಷಣಕ್ಕೆ, ಪ್ರಚಾರಕ್ಕೆ ಕಳಿಸತೊಡಗಿತು. ಬೆರಳೆಣಿಕೆಯ ಹಾರಾಟಗಳಾದ ಮೇಲೆ ಅವಳು 1935ರಲ್ಲಿ ರಾಜೀನಾಮೆ ಕೊಟ್ಟಳು. ಶೋಕೇಸಿನ ಬೊಂಬೆಯಾಗಿರುವುದಕ್ಕಿಂತ ಸೂರು ಹತ್ತಿ ಬಣ್ಣ ಬಳಿಸುವುದೇ ಮೇಲೆಂದು ಅವಳಿಗೆ ಅನ್ನಿಸಿರಬೇಕು. ತನಗೆ ಹವೆ ಚೆನ್ನಾಗಿದ್ದ ದಿನ ಮಾತ್ರ ಹಾರು ಎಂದವರಿಗೆ, ಹವೆ ಕೆಟ್ಟ ದಿನವೂ ದಾರಿ ಸಿಗಲೆಂದು ಅವಳು ಊರಿನ ಹೆಸರು ಬರೆಸಿದಳು. ಇದನ್ನು ಸೇಡು ಎನ್ನಬೇಕೋ ಔದಾರ್ಯ ಎನ್ನಬೇಕೋ ನೀವೇ ಹೇಳಿ.

ಬ್ಲಾಂಚ್ ನಾಯ್ಸ್ ಕತೆ ಬೇರೆ. ಅವಳ ಗಂಡ ಡ್ಯೂಯಿ ಟಪಾಲು ವಿಮಾನದ ಪೈಲಟ್. ಹೆಂಡತಿಗೆ ಹಾರಾಟ ಕಲಿಸಿದವನೂ ಅವನೇ. 1935ರ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ಅವನು ತೀರಿಕೊಂಡ. ಕುಸಿದುಹೋದ ಗೆಳತಿಯನ್ನು ಲೂಯಿಸ್ ಥೇಡನ್ ಈ ಊರಿನ ಹೆಸರಿನ ಕೆಲಸಕ್ಕೆ ಕರೆತಂದಳು. ಮರುವರ್ಷ ಸೆಪ್ಟೆಂಬರಿನಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ವರೆಗಿನ ಬೆಂಡಿಕ್ಸ್ ಸ್ಪರ್ಧೆಗೆ ಇಳಿದರು. ಅದು ಗಂಡಸರೂ ಹೆಂಗಸರೂ ಒಟ್ಟಿಗೆ ಭಾಗವಹಿಸುವ ಸ್ಪರ್ಧೆ. ಹೇಗಿದ್ದರೂ ಹೆಂಗಸರು ಹಿಂದೆ ಬೀಳುತ್ತಾರಲ್ಲ ಎಂದು ಅವರಲ್ಲಿ ಮೊದಲು ಬಂದವರಿಗೆ ಸಮಾಧಾನಕರ ಬಹುಮಾನವೊಂದನ್ನು ಪ್ರತ್ಯೇಕ ಇಟ್ಟಿದ್ದರು. ಲೂಯಿಸ್ ಮತ್ತು ಬ್ಲಾಂಚ್ 14 ಗಂಟೆ 55 ನಿಮಿಷಗಳಲ್ಲಿ ದೇಶವನ್ನು ದಾಟಿ ಎಲ್ಲರಿಗಿಂತ ಮೊದಲಿಗರಾದರು. ಸಮಾಧಾನಕರ ಬಹುಮಾನವೂ ಅವರಿಗೇ ಬಂತು! ಗೆದ್ದ ಮೇಲೆ ಬ್ಲಾಂಚ್ ಮರಳಿದ್ದು ಬಣ್ಣದ ಡಬ್ಬಗಳ ಲೆಕ್ಕಕ್ಕೆ.

ಅದೇ 1936 ಫೀಬಿಯ ಪಾಲಿಗೆ ಕರಾಳ ವರ್ಷವಾಯಿತು. ಆಗಸ್ಟ್ ತಿಂಗಳಲ್ಲಿ ಅವಳ ಗಂಡ ವರ್ನನ್ ಸಾಮಾನ್ಯ ಪ್ರಯಾಣಿಕನಾಗಿ ಕುಳಿತಿದ್ದ ವಿಮಾನ ಸೇಂಟ್ ಲೂಯಿಸ್ ಬಳಿ ಬಿದ್ದು, ಅವನು ಸತ್ತುಹೋದ. ಜೀವಮಾನವೆಲ್ಲ ವಿಮಾನ ನಡೆಸಿದವನು ಇನ್ನೊಬ್ಬರು ನಡೆಸಿದ ವಿಮಾನದಲ್ಲಿ ಹೋದ. ಫೀಬಿ ಹುದ್ದೆ ಬಿಟ್ಟಳು. ಯೋಜನೆಯ ಭಾರ ಬರಬರುತ್ತ ಬ್ಲಾಂಚ್ ನಾಯ್ಸ್ ಹೆಗಲಿಗೆ ಬಂತು. ಒಂದು ವರ್ಷದ ಹಿಂದೆ ತಾನೂ ವಿಧವೆಯಾದವಳು ಅದನ್ನು ಹೊತ್ತುಕೊಂಡು ಮೂರು ದಶಕಗಳಿಗೂ ಮಿಕ್ಕಿ ನಡೆದಳು.

ಆ ನಡಿಗೆಯಲ್ಲಿ ಅವಳಿಗೆ ಬಂದೊದಗಿದ ಒಂದು ಸಂಕಟವನ್ನು ಓದುವಾಗಲೆಲ್ಲ ನನಗೆ ಕರುಳು ಚುರ್ರೆನ್ನುತ್ತದೆ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಅಮೆರಿಕ ಯುದ್ಧಕ್ಕಿಳಿಯಿತು. ಸೂರಿನ ಮೇಲಿನ ಹೆಸರು ನಮ್ಮವರಿಗೆ ಹೇಗೆ ಕಾಣುತ್ತದೋ ಶತ್ರುವಿಗೂ ಹಾಗೆಯೇ ಕಾಣುತ್ತದಲ್ಲವೇ? ಅಕ್ಷರಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಅಳಿಸಿಬಿಡಿ ಎಂದು ಅಪ್ಪಣೆಯಾಯಿತು. ಇಷ್ಟು ವರ್ಷ ಊರೂರು ಅಲೆದು, ಕಾಡಿ ಬೇಡಿ ಬರೆಸಿದ ಸುಮಾರು 13,000 ಗುರುತುಗಳನ್ನು ಅಳಿಸುವ ಕೆಲಸವೂ ಬ್ಲಾಂಚ್ ನಾಯ್ಸ್‌ಗೇ ಬಿತ್ತು. ಬರೆಸಿದವಳಿಗೇ ತಾನೇ ಯಾವುದು ಎಲ್ಲಿದೆ ಎಂದು ಗೊತ್ತಿರುವುದು! ಅವಳು ಮತ್ತೆ ಅದೇ ಊರುಗಳಿಗೆ ಹೋದಳು. ಅದೇ ಸೂರುಗಳ ಮೇಲೆ ಕಪ್ಪು ಬಳಿಸಿದಳು.

ನಾವು ಬೆಳಗ್ಗೆ ಹಾಕಿದ ರಂಗೋಲಿ ಸಂಜೆಯೊಳಗೆ ಅಳಿಸಿಹೋಗುತ್ತದೆ. ಅದಕ್ಕೆ ನಾವು ದುಃಖಿಸುವುದಿಲ್ಲ, ಏಕೆಂದರೆ ನಾಳೆ ಮತ್ತೆ ಹಾಕುತ್ತೇವೆಂದು ಗೊತ್ತು. ಬ್ಲಾಂಚ್‌ಗೆ ಆ ನಾಳೆ ಬರುತ್ತದೆಯೋ ಇಲ್ಲವೋ ತಿಳಿದಿರಲಿಲ್ಲ. ಯುದ್ಧ ಮುಗಿಯಿತು. ಸರ್ಕಾರದ ಬಳಿ ಈ ಕೆಲಸಕ್ಕೆ ಮೊದಲಿನ ಹಣವಿರಲಿಲ್ಲ. ಆದರೆ ಅಳಿಸಿದ್ದನ್ನು ಮತ್ತೆ ಬರೆದರೆ ಸಾಲದು, ಮೊದಲಿಗಿಂತ ಹೆಚ್ಚು ಬರೆಯಬೇಕು ಎಂದು ಅವಳು ಹಟ ಹಿಡಿದಳು. ಕೈ ಚಾಚಿದ್ದು ತನ್ನ ಹಳೆಯ ಗೆಳತಿಯರ ಕಡೆಗೆ. ನೈಂಟಿ ನೈನ್ಸ್ ಸಂಘದ ಊರೂರಿನ ಶಾಖೆಗಳು ಮುಂದೆ ಬಂದವು. ಸರ್ಕಾರದ ಯೋಜನೆಯಾಗಿದ್ದದ್ದು ಹೀಗೆ ಹೆಂಗಸರ ಸೇವಾಕಾರ್ಯವಾಯಿತು. ಬ್ಲಾಂಚ್‌ಗೆ ಸರ್ಕಾರದ ಚಿನ್ನದ ಪದಕವೂ ಬಂತು. ಅವಳು ತೀರಿಕೊಂಡದ್ದು 1981ರಲ್ಲಿ. ಕೆಲಸ ಅವಳ ನಂತರವೂ ನಿಲ್ಲಲಿಲ್ಲ.

ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು ಐದು ಸಾವಿರ ಇವೆ. ದೊಡ್ಡ ಕಂಪನಿಗಳ ಪ್ರಯಾಣಿಕ ವಿಮಾನಗಳು ಹೋಗಿಬರುವುದು ಅವುಗಳಲ್ಲಿ ಹತ್ತರಲ್ಲೊಂದು ಪಾಲಿಗೆ ಮಾತ್ರ. ಉಳಿದವು ಹಳ್ಳಿಗಾಡಿನ, ಸಣ್ಣ ಪಟ್ಟಣಗಳ ನಿಲ್ದಾಣಗಳು. ಒಂದು ಓಡುದಾರಿ, ಒಂದೆರಡು ತಗಡಿನ ಕೊಟ್ಟಿಗೆ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಒಂದು ಪೆಟ್ರೋಲ್ ಪಂಪು. ಬೆಳೆಗೆ ಔಷಧಿ ಸಿಂಪಡಿಸುವವರು, ರೋಗಿಯನ್ನು ದೂರದ ಆಸ್ಪತ್ರೆಗೆ ಒಯ್ಯುವವರು, ಕಾಡ್ಗಿಚ್ಚು ಆರಿಸುವವರು, ಹಾರಾಟ ಕಲಿಯುವವರು ಬಳಸುವುದು ಇವನ್ನೇ. ನಿಗಾ ಇಲ್ಲದಿದ್ದರೆ ಇಂಥ ಜಾಗಗಳು ಹುಲ್ಲು ಬೆಳೆದು ಮುಚ್ಚಿಹೋಗುತ್ತವೆ. ಹೀಗೆ ಮುಚ್ಚದಂತೆ ಕಾಯುವವರು ಹೆಚ್ಚಾಗಿ ಅಲ್ಲಿನ ಸ್ಥಳೀಯ ಪೈಲಟ್‌ಗಳೇ. ಮೊಂಟಾನಾ ರಾಜ್ಯದ ಕೆಲವು ಪೈಲಟ್‌ಗಳು 2003ರಲ್ಲಿ ಕಾಡುಮೇಡಿನ ಓಡುದಾರಿಗಳನ್ನು ಉಳಿಸುವುದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ನೈಂಟಿ ನೈನ್ಸ್ ಹೆಂಗಸರ ಪಾಲಿನ ಕೆಲಸ ಬಣ್ಣದ್ದು.

ಅವರು ಈಗ ಸೂರಿಗಿಂತ ಹೆಚ್ಚಾಗಿ ನೆಲದ ಮೇಲೆ ಬರೆಯುತ್ತಾರೆ. ರಜೆಯ ದಿನ ನೋಡಿ ಸೇರುತ್ತಾರೆ. ಆ ಹೊತ್ತು ಆ ಜಾಗಕ್ಕೆ ವಿಮಾನ ಬಾರದಂತೆ ನಿಲ್ದಾಣದವರು ತಿಳಿವಳಿಕೆ ಹೊರಡಿಸಿರುತ್ತಾರೆ. ಮೊದಲು ಪೊರಕೆ ಹಿಡಿದು ಗುಡಿಸುವುದು. ಆಮೇಲೆ ಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ತುದಿ ಬಿಗಿಹಿಡಿದು ಮೀಟಿ ಗೆರೆ ಮೂಡಿಸುವುದು. ನಮ್ಮ ಬಡಗಿ ಮರಕ್ಕೆ ಗೆರೆ ಹಾಕುತ್ತಾನಲ್ಲ, ಹಾಗೆ. ಒಂದೊಂದು ಅಕ್ಷರ ಆಳಿಗಿಂತ ಎಷ್ಟೋ ಪಾಲು ದೊಡ್ಡದು. ಪಕ್ಕದಲ್ಲಿ ನಿಂತವಳಿಗೆ ತಾನು ಬಳಿಯುತ್ತಿರುವುದು ಯಾವ ಅಕ್ಷರವೆಂದೇ ತೋಚುವುದಿಲ್ಲ. ಅದು ಓದಲು ಬರುವುದು ಮೇಲಿನವರಿಗೆ ಮಾತ್ರ.

ಹೆಸರಲ್ಲದೆ ಇನ್ನೊಂದನ್ನೂ ಅವರು ಬರೆಯುತ್ತಾರೆ. ಅದು ದಿಕ್ಕಿನ ಚಕ್ರ. ಅವರ ಭಾಷೆಯಲ್ಲಿ ಅದಕ್ಕೆ ಗುಲಾಬಿಯ ಹೆಸರು. ಏಕೆ ಬೇಕು ಅದು? ತರಗತಿಯಲ್ಲಿ ನಾನು ದಿಕ್ಸೂಚಿ ತೋರಿಸುವಾಗ ಮೇಜಿನ ಮೇಲೆ ಕಬ್ಬಿಣದ ಕತ್ತರಿಯೊಂದನ್ನು ತಂದು ಪಕ್ಕದಲ್ಲಿಡುತ್ತೇನೆ. ಉತ್ತರಕ್ಕೆ ನೆಟ್ಟಗೆ ನಿಂತಿದ್ದ ಮುಳ್ಳು ಕತ್ತರಿಯ ಕಡೆಗೆ ವಾಲುತ್ತದೆ. ಮಕ್ಕಳು ಹೋ ಎನ್ನುತ್ತಾರೆ. ವಿಮಾನದೊಳಗೂ ಹೀಗೆಯೇ. ಸುತ್ತಲಿನ ಕಬ್ಬಿಣ, ವಿದ್ಯುತ್ ತಂತಿ, ರೇಡಿಯೋ ಎಲ್ಲ ಸೇರಿ ಮುಳ್ಳನ್ನು ಒಂದಿಷ್ಟು ಆಚೀಚೆ ಎಳೆಯುತ್ತವೆ. ಎಷ್ಟು ಎಳೆದಿವೆ ಎಂದು ಗೊತ್ತಾಗಲು, ನಿಜವಾದ ಕಾಂತೀಯ ಉತ್ತರ ಯಾವುದೆಂದು ಗುರುತಿಸಿದ ಜಾಗವೊಂದು ಬೇಕು. ಕಟ್ಟಡ, ಹೂತ ಕೊಳವೆ, ತಂತಿಗಳಿಂದ ನೂರಾರು ಅಡಿ ದೂರದ ನೆಲದಲ್ಲಿ ದೊಡ್ಡ ವೃತ್ತ ಬರೆದು, ಮೂವತ್ತು ಮೂವತ್ತು ಡಿಗ್ರಿಗೆ ಗೆರೆ ಎಳೆದು ಹನ್ನೆರಡು ದಿಕ್ಕು ಗುರುತು ಮಾಡುತ್ತಾರೆ. ವಿಮಾನವನ್ನು ತಂದು ಒಂದೊಂದು ಗೆರೆಗೂ ಮೂತಿ ಮಾಡಿ ನಿಲ್ಲಿಸಿ, ಮುಳ್ಳು ಏನು ಹೇಳುತ್ತದೆಂದು ಬರೆದುಕೊಳ್ಳುತ್ತಾರೆ. ಕಬ್ಬಿಣವಲ್ಲದ ಸ್ಕ್ರೂಡ್ರೈವರಿನಿಂದ ಪುಟ್ಟ ತಿರುಪುಗಳನ್ನು ತಿರುಗಿಸಿ ಸರಿಪಡಿಸುತ್ತಾರೆ. ಆಮೇಲೂ ಉಳಿಯುವ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಪೈಲಟ್ ಕಣ್ಣೆದುರು ಅಂಟಿಸುತ್ತಾರೆ. ಚುಕ್ಕಿ ಇಟ್ಟು ಗೆರೆ ಎಳೆದು ರಂಗೋಲಿ ಹಾಕುವವರಿಗೆ ಗೊತ್ತು, ಒಂದು ಚುಕ್ಕಿ ಜಾರಿದರೆ ಇಡೀ ರಂಗೋಲಿ ಸೊಟ್ಟಗಾಗುತ್ತದೆ. ಈ ರಂಗೋಲಿ ಸೊಟ್ಟಗಾದರೆ ವಿಮಾನವೇ ಸೊಟ್ಟ ಹೋಗುತ್ತದೆ.

ಇನ್ನೊಂದು ವಿಚಿತ್ರವೂ ಉಂಟು. ಭೂಮಿಯ ಕಾಂತೀಯ ಉತ್ತರ ಇದ್ದಲ್ಲಿ ಇರುವುದಿಲ್ಲ, ವರ್ಷವರ್ಷವೂ ಸರಿಯುತ್ತಿರುತ್ತದೆ. ಓಡುದಾರಿಯ ತುದಿಯಲ್ಲಿ ಬರೆದಿರುವ ಅಂಕಿ ಅದರ ಕಾಂತೀಯ ದಿಕ್ಕನ್ನೇ ಹೇಳುವುದರಿಂದ ಅದನ್ನೂ ಆಗೀಗ ಬದಲಿಸಬೇಕಾಗುತ್ತದೆ. 2011ರಲ್ಲಿ ಫ್ಲಾರಿಡಾದ ಟಾಂಪಾ ನಿಲ್ದಾಣದ ದೊಡ್ಡ ಓಡುದಾರಿಯನ್ನು ಈ ಕಾರಣಕ್ಕೇ ಕೆಲವು ದಿನ ಮುಚ್ಚಿ ಅಂಕಿ ಬದಲಿಸಿದರು. ದಿಕ್ಕಿನ ಚಕ್ರಕ್ಕೂ ಹೀಗೆಯೇ ಮರುಬಣ್ಣ ಬೇಕು. ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ. ಬಣ್ಣ ಮಾಸದಿದ್ದರೆ ಉತ್ತರವೇ ಸರಿಯುತ್ತದೆ. ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಪಾತ್ರೆ ತಿಕ್ಕಿದ ಹಾಗೆ, ಮತ್ತೆ ಮತ್ತೆ ಮಾಡುತ್ತಲೇ ಇರಬೇಕು.

ಈಗ ಉಪಗ್ರಹಗಳೇ ದಾರಿ ಹೇಳುವಾಗ ಈ ಬಣ್ಣದ ಅಕ್ಷರ ಯಾರಿಗೆ ಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಘಟನೆಯನ್ನು ಎದುರಿಡುತ್ತೇನೆ. 2014ರ ಜನವರಿ 12ರಂದು ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ ವಿಮಾನವೊಂದು 124 ಪ್ರಯಾಣಿಕರನ್ನು ಹೊತ್ತು ಮಿಸ್ಸೂರಿ ರಾಜ್ಯದ ಬ್ರಾನ್ಸನ್ ನಿಲ್ದಾಣಕ್ಕೆ ಹೊರಟಿತ್ತು. ಇಳಿದದ್ದು ಕೆಲವೇ ಮೈಲಿ ದೂರದ ಒಂದು ಪುಟ್ಟ ನಿಲ್ದಾಣದಲ್ಲಿ. ಅಲ್ಲಿನ ಓಡುದಾರಿ 3,738 ಅಡಿ ಮಾತ್ರ. ಹೋಗಬೇಕಾಗಿದ್ದ ನಿಲ್ದಾಣದ್ದು ಅದರ ಹತ್ತಿರ ಹತ್ತಿರ ಎರಡರಷ್ಟು. ಓಡುದಾರಿಯ ಕೊನೆಗೆ ಕೆಲವೇ ನೂರು ಅಡಿ ಉಳಿದಿರುವಾಗ ವಿಮಾನ ನಿಂತಿತು. ಅದರಾಚೆ ಇಳಿಜಾರು. ಅದು ಸಂಜೆ ಕಳೆದ ಕತ್ತಲು; ನೆಲದ ಮೇಲೆ ಹೆಸರು ಬರೆದಿದ್ದರೂ ಆ ಹೊತ್ತಿನಲ್ಲಿ ಕಾಣುತ್ತಿರಲಿಲ್ಲ ಎಂಬುದು ನಿಜ. ಆದರೆ ಅಷ್ಟೆಲ್ಲ ಯಂತ್ರಗಳಿದ್ದೂ, ಅನುಭವಿಗಳಾದ ಇಬ್ಬರು ಪೈಲಟ್‌ಗಳಿದ್ದೂ ಊರು ಯಾವುದೆಂಬ ಪ್ರಶ್ನೆ ತಪ್ಪಾಗಬಹುದೆಂಬುದಕ್ಕೆ ಇದು ಸಾಕ್ಷಿ. ಹಾಗಿರುವಾಗ ಹಾರಾಟ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ, ಉಪಕರಣ ಕೈಕೊಟ್ಟ ಹಳೆಯ ವಿಮಾನದ ರೈತನಿಗೆ, ಹಗಲಿನಲ್ಲಿ ಕೆಳಗೆ ನೋಡಿದಾಗ ಒಂದು ಹೆಸರು ಕಂಡರೆ ಅದರ ಬೆಲೆ ಅವರಿಗೇ ಗೊತ್ತು.

ನಮ್ಮ ದೇಶದ ಹೆಣ್ಣುಮಕ್ಕಳ ಮಾತನ್ನೂ ಆಡಬೇಕಲ್ಲ. 1936ರಲ್ಲಿ, ಅಲ್ಲಿ ಸೂರುಗಳ ಮೇಲೆ ಹೆಸರು ಮೂಡುತ್ತಿದ್ದ ವರ್ಷವೇ, ಲಾಹೋರಿನಲ್ಲಿ ಇಪ್ಪತ್ತೊಂದು ವರ್ಷದ ಸರಳಾ ಥುಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ನಡೆಸಿದರು. ನಮ್ಮ ಬೆಂಗಳೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ ಉಷಾ ಸುಂದರಂ 1949ರಲ್ಲಿ ಕಲಿತು ಹೊರಬಂದರು. 1951ರಲ್ಲಿ ಪತಿಯೊಂದಿಗೆ ಇಂಗ್ಲೆಂಡಿನಿಂದ ಭಾರತಕ್ಕೆ ಡವ್ ವಿಮಾನವನ್ನು ಸುಮಾರು 27 ಗಂಟೆಗಳಲ್ಲಿ ಹಾರಿಸಿ ತಂದರು. ಇಂದು ವಿಮಾನ ನಡೆಸುವ ಹೆಂಗಸರ ಪ್ರಮಾಣದಲ್ಲಿ ಭಾರತ ಅಮೆರಿಕಕ್ಕಿಂತ ಎಷ್ಟೋ ಮುಂದಿದೆ. ಹೆಮ್ಮೆಯ ಮಾತೇ. ಆದರೆ ನಮ್ಮ ತಾಲ್ಲೂಕು ಕೇಂದ್ರದ ಹುಡುಗಿ ಪೈಲಟ್ ಆಗಬೇಕೆಂದರೆ ಮನೆಯವರು ಮೊದಲು ಕೇಳುವ ಪ್ರಶ್ನೆ ಇನ್ನೂ ಬದಲಾಗಿಲ್ಲ: ‘ಅಲ್ಲಮ್ಮಾ, ದಾರಿ ತಪ್ಪಿದರೆ?’ ದಾರಿ ತಪ್ಪಬಹುದೆಂಬ ಭಯವನ್ನು ಹೆಣ್ಣುಮಕ್ಕಳಿಗೆ ಮಾತ್ರ ಹೇಳಿಕೊಡುತ್ತೇವೆ. ದಾರಿಗುರುತು ನೆಟ್ಟವರೂ ಹೆಣ್ಣುಮಕ್ಕಳೇ ಎಂಬುದನ್ನು ಹೇಳಿಕೊಡುವುದಿಲ್ಲ.

ಕಡೆಗೆ ಫೀಬಿ ಓಮ್ಲಿಯ ವಿಷಯ. ಯುದ್ಧಕಾಲದಲ್ಲಿ ಅವಳು ಮತ್ತೆ ಸರ್ಕಾರದ ಕೆಲಸಕ್ಕೆ ಬಂದು, 1942ರಲ್ಲಿ ಟೆನೆಸ್ಸಿಯಲ್ಲಿ ಹತ್ತು ಮಂದಿ ಹೆಂಗಸರನ್ನು ಹಾರಾಟ ಕಲಿಸುವ ಶಿಕ್ಷಕಿಯರನ್ನಾಗಿ ತಯಾರು ಮಾಡಿದಳು. 1952ರಲ್ಲಿ ಸರ್ಕಾರದೊಂದಿಗೆ ಹೊಂದಿಕೆಯಾಗದೆ ಹೊರಬಂದಳು. ದನ ಸಾಕುವ ಫಾರಂ ಮಾಡಿ ಕೈಸುಟ್ಟುಕೊಂಡಳು. ಉಳಿತಾಯ ಕರಗಿತು, ಆರೋಗ್ಯ ಕೆಟ್ಟಿತು. ನಾಲ್ಕು ಕಡೆಯ ಪೈಲಟ್‌ಗಳಿಗೆ ಊರಿನ ಹೆಸರು ಹೇಳಿದವಳು 1975ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ, ಹೆಚ್ಚು ಕಡಿಮೆ ಯಾರ ಗಮನಕ್ಕೂ ಬಾರದೆ, ಬಡತನದಲ್ಲಿ ತೀರಿಕೊಂಡಳು.

ಏಳು ವರ್ಷಗಳ ಮೇಲೆ, 1982ರಲ್ಲಿ, ಮೆಂಫಿಸ್ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರಕ್ಕೆ ವರ್ನನ್ ಮತ್ತು ಫೀಬಿ ಓಮ್ಲಿ ದಂಪತಿಗಳ ಹೆಸರಿಟ್ಟರು. ಲೂಯಿಸ್ ಥೇಡನ್ ಹುಟ್ಟಿದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಎಂಬ ಊರಿನ ನಿಲ್ದಾಣಕ್ಕೆ ಈಗ ಅವಳದೇ ಹೆಸರು. ಬ್ಲಾಂಚ್ ನಾಯ್ಸ್ ಹಿಡಿದುಕೊಂಡ ಕುಂಚವನ್ನು ನೈಂಟಿ ನೈನ್ಸ್ ಹೆಂಗಸರು ಇನ್ನೂ ಕೆಳಗಿಟ್ಟಿಲ್ಲ. ರಜೆಯ ಒಂದು ಬೆಳಗ್ಗೆ, ಬಿಸಿಲೇರುವ ಮೊದಲೇ, ಯಾವುದೋ ಸಣ್ಣ ನಿಲ್ದಾಣದಲ್ಲಿ ಪೊರಕೆ, ದಾರ, ಬಣ್ಣದ ಡಬ್ಬ ಹಿಡಿದು ಅವರು ಸೇರುತ್ತಾರೆ. ಅವರಲ್ಲಿ ನನ್ನ ವಯಸ್ಸಿನವರೂ ನನಗಿಂತ ಹಿರಿಯರೂ ಇರುತ್ತಾರೆ. ಮಂಡಿನೋವು ಅವರಿಗೂ ಇದ್ದೀತು. ಬರೆದ ಹೆಸರಿನ ಕೆಳಗೆ ಬರೆದವರ ಹೆಸರು ಇರುವುದಿಲ್ಲ. ಬಣ್ಣ ಒಣಗಿದ ಮೇಲೆ ಯಾರಾದರೊಬ್ಬಳು ವಿಮಾನವೇರಿ ಒಂದು ಸುತ್ತು ಹೊಡೆದು, ಅಕ್ಷರ ನೆಟ್ಟಗಿದೆಯೇ ಎಂದು ಮೇಲಿನಿಂದ ನೋಡಿ ಬಂದರೆ ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.